ಗಟ್ಟಿಯಾಗಿರುವಾಗಲೇ ಉಯಿಲು: ವಕೀಲರಿಂದ ಪಡೆಯಬೇಕಾದ ನೆರವು

ಬಿತ್ತುವ ಮೊದಲು ಬೀಜೋಪಚಾರ ಮಾಡುತ್ತೀರಿ. ಮಣ್ಣು ಪರೀಕ್ಷೆ ಮಾಡಿಸುತ್ತೀರಿ. ಆದರೆ ನಿಮ್ಮ ಕಾಲಾನಂತರ ಆ ಹೊಲ ಯಾರಿಗೆ ಸೇರಬೇಕೆಂಬುದನ್ನು ಬರೆದಿಟ್ಟಿದ್ದೀರಾ? ಹೀಗೆ ಕೇಳಿದರೆ ಹಳ್ಳಿಯ ಹಿರಿಯರು ಮುಖ ತಿರುಗಿಸುತ್ತಾರೆ. "ನಾನಿನ್ನೂ ಗಟ್ಟಿಯಾಗಿದ್ದೇನಲ್ಲ ಸ್ವಾಮಿ" ಎನ್ನುತ್ತಾರೆ. ಗಟ್ಟಿಯಾಗಿರುವಾಗಲೇ ಮಾಡಬೇಕಾದ ಕೆಲಸ ಇದು.

ನಾನು ಬೇಸಾಯ ಓದಿದವನು, ಕಾನೂನು ಓದಿದವನಲ್ಲ. ಆದರೂ ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಹನಿ ನೀರಾವರಿಗೆ ಅರ್ಜಿ ಹಿಡಿದು ಬರುವ ಎಷ್ಟೋ ರೈತರ ಪಹಣಿಯಲ್ಲಿ ಇಂದಿಗೂ ತೀರಿಹೋದ ತಾತನ ಹೆಸರೇ ಇರುತ್ತದೆ. ಅವರಿಗೆ ಸಾಲವೂ ಕಷ್ಟ, ಸಹಾಯಧನವೂ ಕಷ್ಟ.

ಎರಡನೆಯ ಕಾರಣ ನನ್ನ ಮನೆಯದೇ. ನನ್ನ ತಂದೆ ಸ್ವಂತ ದುಡಿಮೆಯಿಂದ ಎರಡೂವರೆ ಎಕರೆ ತೆಂಗಿನ ತೋಟ ಮಾಡಿದ್ದರು. ಕಾಯಿಲೆ ಬಿದ್ದ ಮೇಲೆ ಅವಸರದಲ್ಲಿ ಉಯಿಲು ಬರೆಸಿದರು. ಓಡಾಡಿ ಬರೆಸಿದವನು ನನ್ನ ಅಣ್ಣ. ತೋಟ ಬಂದದ್ದೂ ಅವನಿಗೇ. ಸಾಕ್ಷಿ ಹಾಕಿದ್ದವರು ಒಬ್ಬರೇ. ತಂಗಿ ತನ್ನ ಪಾಲು ಕೇಳಿದಳು. ಆರು ವರ್ಷ ವ್ಯಾಜ್ಯ ನಡೆಯಿತು, ಉಯಿಲು ನಿಲ್ಲಲಿಲ್ಲ. ಪಂಪ್‌ಸೆಟ್ ಯಾರು ರಿಪೇರಿ ಮಾಡಿಸಬೇಕೆಂಬ ಜಗಳದಲ್ಲಿ ಅರ್ಧ ತೋಟ ಒಣಗಿತು. ಅಣ್ಣ ಕೆಟ್ಟವನಲ್ಲ. ತಂದೆಯ ಇಷ್ಟವೂ ಅದೇ ಆಗಿದ್ದಿರಬಹುದು. ಕಾಗದ ಸರಿಯಿರಲಿಲ್ಲ, ಅಷ್ಟೆ. ಮೊದಲೇ ಒಬ್ಬ ವಕೀಲರ ಬಳಿ ಹೋಗಿದ್ದರೆ ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಕೆಲಸವಾಗಿತ್ತು.

ಯಾರ ಬಳಿ ಹೋಗಬೇಕು?

ಪದವಿಯ ನಂತರ ಮೂರು ವರ್ಷ ಅಥವಾ ಪಿ.ಯು.ಸಿ. ನಂತರ ಐದು ವರ್ಷ ಕಾನೂನು ಓದಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ವಕೀಲರು. ಇತ್ತೀಚೆಗೆ ಪದವಿ ಪಡೆದವರು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲೂ ತೇರ್ಗಡೆಯಾಗಿರಬೇಕು. ವಕೀಲರು ಜಾಹೀರಾತು ಕೊಡುವಂತಿಲ್ಲವೆಂಬುದು ವೃತ್ತಿಯ ನಿಯಮ. ಆದ್ದರಿಂದ ನೀವೇ ವಿಚಾರಿಸಬೇಕು. ಎಲ್ಲ ವಕೀಲರೂ ಎಲ್ಲ ಕೆಲಸದಲ್ಲಿ ಪಳಗಿರುವುದಿಲ್ಲ. ಸಿವಿಲ್ ದಾವೆ, ಅದರಲ್ಲೂ ಜಮೀನು ಮತ್ತು ಪಾಲು ವಿಭಾಗದ ಕೆಲಸ ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಎಂದು ಸಂಕೋಚಪಡದೆ ಕೇಳಿ. ಶುಲ್ಕವನ್ನೂ ಮೊದಲೇ ಮಾತಾಡಿಕೊಳ್ಳಿ.

ನೋಂದಣಿ ಕಚೇರಿಯ ಬಳಿಯ ಪತ್ರ ಬರಹಗಾರರು ನೀವು ಹೇಳಿದ್ದನ್ನು ನಮೂನೆಗೆ ತಕ್ಕಂತೆ ಬರೆದುಕೊಡುತ್ತಾರೆ. ಹಾಗೆ ಬರೆಯಲು ನಿಮಗೆ ಹಕ್ಕಿದೆಯೇ ಎಂದು ಹುಡುಕಿ ನೋಡುವುದು ವಕೀಲರ ಕೆಲಸ.

ವಕೀಲರು ಏನೇನು ಮಾಡುತ್ತಾರೆ?

1. ಮೊದಲು ಜಮೀನು ಸ್ವಯಾರ್ಜಿತವೋ ಪಿತ್ರಾರ್ಜಿತವೋ ನೋಡುತ್ತಾರೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ನಿಮ್ಮ ಪಾಲಿಗೆ ಮಾತ್ರ ನೀವು ಉಯಿಲು ಬರೆಯಬಹುದು, ಇಡೀ ಜಮೀನಿಗಲ್ಲ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. 2005ರಲ್ಲಿ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. "ಹೆಣ್ಣುಮಕ್ಕಳಿಗೆ ಮದುವೆ ಮಾಡಿದೆವು, ಮುಗಿಯಿತು" ಎಂಬ ಮಾತು ಈಗ ನಡೆಯದು. ಮುಸ್ಲಿಂ ಬಾಂಧವರು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಮಾಡಲಾಗದು.

2. ನಿಮಗೆ ಯಾವ ಪತ್ರ ಸೂಕ್ತವೆಂದು ಹೇಳುತ್ತಾರೆ. ಉಯಿಲು ನಿಮ್ಮ ಕಾಲಾನಂತರವಷ್ಟೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಾರಿಯಾದರೂ ಬದಲಿಸಬಹುದು. ದಾನಪತ್ರ ಹಾಗಲ್ಲ. ನೋಂದಣಿಯಾಗಿ ಸ್ವೀಕಾರವಾದರೆ ಜಮೀನು ಕೈಬಿಟ್ಟಂತೆಯೇ. ನೋಡಿಕೊಳ್ಳುತ್ತಾರೆಂಬ ನಂಬಿಕೆಯಿಂದ ದಾನ ಕೊಡುವುದಾದರೆ ಆ ಷರತ್ತನ್ನು ಪತ್ರದಲ್ಲೇ ಬರೆಸಿ. ಮಕ್ಕಳು ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಕಾಯಿದೆಯಡಿ ದಾನ ರದ್ದು ಮಾಡಿಸಲು ಅದು ಆಧಾರವಾಗುತ್ತದೆ. ಬದುಕಿರುವಾಗಲೇ ಹಂಚುವುದಾದರೆ ಪಾಲುಪತ್ರ ಮಾಡಿ ನೋಂದಾಯಿಸುವುದು ಒಳ್ಳೆಯದು. ಒಂದೇ ಸರ್ವೆ ನಂಬರನ್ನು ಭಾಗ ಮಾಡುವುದಿದ್ದರೆ 11ಇ ನಕ್ಷೆ ಬೇಕಾಗುತ್ತದೆ.

3. ಉಯಿಲನ್ನು ಕ್ರಮಬದ್ಧವಾಗಿ ಬರೆಯುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿಯಾಗದಿರುವುದು ಲೇಸು. ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುವುದರಿಂದ ನಿಮಗಿಂತ ಕಿರಿಯರನ್ನು ಆರಿಸಿ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ. ನೋಂದಣಿಯೂ ಕಡ್ಡಾಯವಲ್ಲ. ಆದರೂ ಮಾಡಿಸಿದರೆ ಕಳೆದುಹೋಗುವ, ತಿದ್ದುವ ಭಯ ಕಡಿಮೆ.

ಮೈಸೂರು ಸೀಮೆಯ ಒಂದು ಉಯಿಲಿನ ಪ್ರಕರಣದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಅದು ಸಂಶಯಕ್ಕೆ ಎಡೆ. ಆ ಸಂಶಯ ಹೋಗಲಾಡಿಸುವ ಹೊಣೆಯೂ ಉಯಿಲನ್ನು ಮುಂದಿಡುವವರದೇ. ನಮ್ಮ ಮನೆಯಲ್ಲಿ ಆದ ತಪ್ಪೂ ಇದೇ. ಆದ್ದರಿಂದ ವಕೀಲರ ಬಳಿ ನೀವೇ ಹೋಗಿ. ಮಗನ ವಕೀಲರಲ್ಲ, ನಿಮ್ಮ ವಕೀಲರು ಬರೆಯಲಿ. ಒಬ್ಬ ಮಗನಿಗೆ ಅಥವಾ ಮಗಳಿಗೆ ಕಡಿಮೆ ಕೊಟ್ಟಿದ್ದರೆ ಅದರ ಕಾರಣವನ್ನೂ ಒಂದೆರಡು ಸಾಲಿನಲ್ಲಿ ಬರೆಸಿ.

4. ನಂತರದ ಕೆಲಸಕ್ಕೂ ದಾರಿ ತೋರಿಸುತ್ತಾರೆ. ಹಕ್ಕು ಬಂದ ಮೂರು ತಿಂಗಳೊಳಗೆ ಕಂದಾಯ ಇಲಾಖೆಗೆ ತಿಳಿಸಬೇಕೆಂದು 1964ರ ಕರ್ನಾಟಕ ಭೂ ಕಂದಾಯ ಕಾಯಿದೆ ಹೇಳುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಆದರೆ ಖಾತೆಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಅದು ಕಂದಾಯದ ದಾಖಲೆ ಅಷ್ಟೆ. ಬ್ಯಾಂಕ್ ಠೇವಣಿಗೆ ನಾಮಿನಿ ಮಾಡಿದರೂ ಹಾಗೆಯೇ. ನಾಮಿನಿ ಹಣ ಪಡೆಯಬಹುದು, ಅದು ಸೇರಬೇಕಾದ್ದು ವಾರಸುದಾರರಿಗೆ.

ಹೋಗುವಾಗ ಏನು ಒಯ್ಯಬೇಕು?

ಪಹಣಿ, ಮ್ಯುಟೇಷನ್ ಪ್ರತಿ, ಕ್ರಯಪತ್ರ ಅಥವಾ ಹಳೆಯ ಪಾಲುಪತ್ರ, ಋಣಭಾರ ಪತ್ರ, ವಂಶವೃಕ್ಷ, ಸಾಲದ ವಿವರ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ. ಗೇಣಿ ಹಕ್ಕಿನಿಂದ ಬಂದದ್ದಾದರೆ ಭೂ ನ್ಯಾಯಮಂಡಳಿಯ ಆದೇಶ. ಇವುಗಳಿಗೆ ಬೇರೆ ನಿರ್ಬಂಧಗಳಿರುವುದರಿಂದ ಮರೆಯದೆ ತೋರಿಸಿ. ಕೊಳವೆಬಾವಿ, ದಾರಿ, ಪಂಪ್‌ಸೆಟ್ ಯಾರಿಗೆ ಎಂಬುದನ್ನು ಬಿಡಿಸಿ ಹೇಳಿ. ಜಮೀನಿನ ಜಗಳಕ್ಕಿಂತ ನೀರಿನ ಜಗಳ ದೊಡ್ಡದು. ಹೆಂಡತಿಯ ಜೀವನಾಂಶಕ್ಕೂ ಜಾಗ ಮಾಡಿ.

ಹಣವಿಲ್ಲವೆಂದು ಹಿಂಜರಿಯಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು.

ನಮ್ಮ ತೋಟದಲ್ಲಿ ಈಗ ಮೂವರೂ ಸೇರಿ ಹೊಸ ಸಸಿ ನೆಟ್ಟಿದ್ದೇವೆ. ಫಲಕ್ಕೆ ಇನ್ನೂ ಕೆಲವು ವರ್ಷ ಕಾಯಬೇಕು. ನಿಮಗೆ ಆ ನಷ್ಟ ಬೇಡ. ಕೊಯ್ಲು ಮುಗಿದು ಕೈ ಬಿಡುವಾದ ದಿನ, ಪಹಣಿ ಹಿಡಿದು ವಕೀಲರ ಬಳಿ ಹೋಗಿ ಬನ್ನಿ.