ಒರಳುಕಲ್ಲೂ ಅಡುಗೆಮನೆಯ ಯಂತ್ರಗಳೂ

ಮೂವರು ಗೃಹಿಣಿಯರು ಒಂದೆಡೆ ಕುಳಿತರೆ ಮಾತು ಮೊದಲು ಎಲ್ಲಿಗೆ ಹೋದರೂ ಕಡೆಗೆ ಬಂದು ನಿಲ್ಲುವುದು ಅಡುಗೆಮನೆಯಲ್ಲಿಯೇ. ಈ ತಿಂಗಳ ಉದ್ದಿನಬೇಳೆ ಹೇಗಿದೆ, ನಿನ್ನೆಯ ಹಿಟ್ಟು ಉಬ್ಬಿತೇ ಇಲ್ಲವೇ, ಮಿಕ್ಸಿ ವಾಸಿಯೋ ಗ್ರೈಂಡರು ವಾಸಿಯೋ, ತೊಗರಿಬೇಳೆಗೆ ಕುಕ್ಕರು ಎಷ್ಟು ಸಲ ಕೂಗಬೇಕು, ಇವೇ ಅವರ ಮಾತಿನ ವಿಷಯಗಳು. ಹಜಾರದಲ್ಲಿ ವೃತ್ತಪತ್ರಿಕೆಯನ್ನು ಹಿಡಿದು ಕುಳಿತ ಯಜಮಾನರು ಇದನ್ನು ಬರಿಯ ಹರಟೆಯೆಂದೆಣಿಸಿ ಪುಟ ತಿರುವುವರು. ಆದರೆ ಸಂಸಾರದ ಹಣ ಎಲ್ಲಿ ವೆಚ್ಚವಾಗಬೇಕು, ಮನೆಯವರ ಹೊಟ್ಟೆಗೆ ಏನು ಸೇರಬೇಕು, ಮನೆಯೊಡತಿಯ ದಿನದಲ್ಲಿ ಎಷ್ಟು ಗಂಟೆ ಅವಳದಾಗಿ ಉಳಿಯಬೇಕು ಎಂಬ ಮೂರು ದೊಡ್ಡ ಪ್ರಶ್ನೆಗಳೂ ಈ ಹರಟೆಯಲ್ಲಿಯೇ ತೀರ್ಮಾನವಾಗುವುವು. ಆದಕಾರಣ ಈ ಸಲ ನಾವು ಆ ಹರಟೆಯಲ್ಲಿಯೇ ಪಾಲುಗೊಳ್ಳುವೆವು.

ಮೊದಲು ಕಲ್ಲಿನ ಮಾತು. ನಮ್ಮ ಹಿರಿಯರ ಮನೆಗಳಲ್ಲಿ ಕಲ್ಲು ಒಂದಲ್ಲ, ಹಲವು. ರಾಗಿ ಜೋಳಗಳಿಗೆ ಬೀಸುವ ಕಲ್ಲು. ನೆನೆದ ಅಕ್ಕಿ ಬೇಳೆಗಳಿಗೆ ಒರಳುಕಲ್ಲು ಮತ್ತು ಅದರ ಗುಂಡು. ಅದನ್ನೇ ಕರಾವಳಿಯವರು ಕಡೆಯುವ ಕಲ್ಲು ಎನ್ನುವರು. ಹತ್ತು ಜನರ ಮನೆಯಲ್ಲಿ ದೋಸೆಯೆಂದರೆ, ಗುಂಡನ್ನು ಒಂದು ಕೈಯಿಂದ ತಿರುಗಿಸುತ್ತ, ಇನ್ನೊಂದು ಕೈಯಿಂದ ಹಿಟ್ಟನ್ನು ಕುಳಿಗೆ ತಳ್ಳುತ್ತ, ನಡುನಡುವೆ ನೀರು ಚಿಮುಕಿಸುತ್ತ, ಗಂಟೆಗಟ್ಟಲೆ ನೆಲದ ಮೇಲೆ ಕುಳಿತು ಮಾಡಬೇಕಾದ ಕೆಲಸ. ಕಲ್ಲು ಸವೆದು ನುಣುಪಾದರೆ ಹಿಟ್ಟು ಜಾರುವುದೇ ಹೊರತು ನುರಿಯುವುದಿಲ್ಲ. ಆಗ ಬೀದಿಯಲ್ಲಿ ಕೂಗಿಕೊಂಡು ಬರುವ ಕಲ್ಲುಕುಟಿಗರನ್ನು ಕರೆದು, ಉಳಿಯಿಂದ ಕೊಚ್ಚಿಸಿ ಒರಟು ಮಾಡಿಸಿಕೊಳ್ಳಬೇಕು. ಕೊಚ್ಚಿಸಿದ ಮೇಲೆ ಮೊದಲ ಸಲ ತೌಡನ್ನೋ ಹಳೆಯ ಅಕ್ಕಿಯನ್ನೋ ರುಬ್ಬಿ ಚೆಲ್ಲದಿದ್ದರೆ ಊಟದಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಕ್ಕುವುದು.

ಈ ಕಲ್ಲಿನ ಸುತ್ತ ಒಂದು ಸಾಹಿತ್ಯವೇ ಬೆಳೆದದ್ದುಂಟು. ಬೀಸುವಾಗ ಹೆಂಗಸರು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ಹಾಡುಗಳ ಸೊಬಗನ್ನು ನೆನೆದು, ಕಲ್ಲು ಹೋಯಿತು, ಹಾಡೂ ಹೋಯಿತು ಎಂದು ನಿಟ್ಟುಸಿರಿಡುವ ರಸಿಕರು ನಮ್ಮಲ್ಲಿ ಕಡಮೆಯಿಲ್ಲ. ಅವರಲ್ಲಿ ಬಹುಮಂದಿ ಗಂಡಸರೆಂಬುದನ್ನೂ, ಬೆಳಗಿನ ಜಾವದಲ್ಲಿ ಎದ್ದು ಎರಡು ಸೇರು ರಾಗಿಯನ್ನು ಒಮ್ಮೆಯೂ ಬೀಸಿದವರಲ್ಲವೆಂಬುದನ್ನೂ ನಾವು ಗಮನಿಸಿದ್ದೇವೆ. ಹಾಡು ಹುಟ್ಟಿದ್ದು ಭುಜದ ನೋವನ್ನು ಮರೆಯುವುದಕ್ಕೆ. ನೋವು ಉಳಿಯಲಿ, ಹಾಡಿಗಾಗಿ, ಎಂದು ಬಯಸುವುದು ನ್ಯಾಯವಲ್ಲ.

ರುಬ್ಬಿದ ಉದ್ದಿನ ತಿಂಡಿ ಕನ್ನಡನಾಡಿಗೆ ಬಹಳ ಹಳೆಯದು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅದರ ಪಾಕವೇ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ನುಣ್ಣಗೆ ಅರೆದು, ಮೊಸರಿನ ತಿಳಿಯನ್ನು ಸೇರಿಸಿ, ಜೀರಿಗೆ ಕೊತ್ತುಂಬರಿ ಮೆಣಸು ಇಂಗುಗಳನ್ನು ಬೆರೆಸುವುದು. ಅದರಲ್ಲಿ ಅಕ್ಕಿಯ ಮಾತಿಲ್ಲ. ಇಂದಿನ ಇಡ್ಲಿಗೂ ಅದಕ್ಕೂ ಹೆಸರಿನ ಸಂಬಂಧ ಎಷ್ಟು, ರುಚಿಯ ಸಂಬಂಧ ಎಷ್ಟು ಎಂಬುದನ್ನು ಪಂಡಿತರು ಚರ್ಚಿಸಲಿ. ಸಾವಿರ ವರ್ಷಗಳ ಕಾಲ ಉದ್ದನ್ನು ಅರೆದದ್ದು ಹೆಂಗಸಿನ ಕೈಯೇ ಎಂಬುದರಲ್ಲಿ ಮಾತ್ರ ನಮಗೆ ಸಂದೇಹವಿಲ್ಲ. ರುಬ್ಬುವ ಗೊಡವೆಯೇ ಇಲ್ಲದ ರವೆ ಇಡ್ಲಿಯಾದರೋ ನಿನ್ನೆ ಮೊನ್ನೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನಲ್ಲಿ ಅದು ಹುಟ್ಟಿತೆಂದು ಪ್ರಸಿದ್ಧಿ.

ಕೈಯ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿದವರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರನ್ನು ಮೊದಲು ನೆನೆಯಬೇಕು. 1955ರಲ್ಲಿ ಅವರು ರುಬ್ಬುವ ಕಲ್ಲಿಗೆ ಮೋಟಾರನ್ನು ಹೊಂದಿಸಿ ಗ್ರೈಂಡರನ್ನು ಮಾಡತೊಡಗಿದರು. ಆ ಊರಿನ ಸುತ್ತಮುತ್ತ ಒಳ್ಳೆಯ ಕಲ್ಲೂ ಇತ್ತು, ಮೋಟಾರು ಮಾಡುವ ಕಾರ್ಖಾನೆಗಳೂ ಇದ್ದವು. ಎರಡೂ ಕೂಡಿ ಒಂದು ಕೈಗಾರಿಕೆಯೇ ಬೆಳೆಯಿತು. ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೆ ಈಗ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. ಮಿಕ್ಸಿಯ ಕಥೆ ಬೇರೆ. ಹೊರದೇಶದಿಂದ ಬಂದ ಯಂತ್ರಗಳು ಹಣ್ಣಿನ ರಸಕ್ಕೂ ಮೊಟ್ಟೆ ಕಡೆಯುವುದಕ್ಕೂ ಆದವುಗಳೇ ಹೊರತು, ನಮ್ಮ ಒಣಕೊಬ್ಬರಿ, ಅರಿಶಿನದ ಕೊಂಬು, ನೆನೆದ ಬೇಳೆಗಳ ಮುಂದೆ ನಿಲ್ಲಲಾರದೆ ಮೋಟಾರು ಸುಟ್ಟುಕೊಳ್ಳುತ್ತಿದ್ದವು. ಮುಂಬಯಿಯ ಎಸ್. ಪಿ. ಮಾಥುರ್ ಎಂಬ ಇಂಜಿನಿಯರು ಮನೆಯ ಯಂತ್ರ ಕೆಟ್ಟುಹೋದುದನ್ನು ಕಂಡು, ಭಾರತದ ಅಡುಗೆಗೆ ತಕ್ಕ ಬಲವುಳ್ಳ ಮೋಟಾರನ್ನಿಟ್ಟು 1960ರ ದಶಕದಲ್ಲಿ ‘ಸುಮೀತ್’ ಮಿಕ್ಸಿಯನ್ನು ಹೊರತಂದರು.

ಎರಡರಲ್ಲಿ ಯಾವುದು ವಾಸಿ? ಇದಕ್ಕೆ ಉತ್ತರ ಹೇಳುವುದಕ್ಕೆ ಮುಂಚೆ ಅವು ಕೆಲಸ ಮಾಡುವ ರೀತಿಯನ್ನು ನೋಡಬೇಕು. ಮಿಕ್ಸಿಯ ಅಲಗು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಸುತ್ತಿ ಕಾಳನ್ನು ಕತ್ತರಿಸುವುದು. ಗ್ರೈಂಡರಿನ ಪಾತ್ರೆ ನಿಮಿಷಕ್ಕೆ ನೂರು ನೂರೈವತ್ತು ಸುತ್ತಿನ ಆಸುಪಾಸಿನಲ್ಲಿ ತಿರುಗಿ ಕಾಳನ್ನು ಕಲ್ಲುಗಳ ನಡುವೆ ಅರೆಯುವುದು. ವೇಗ ಹೆಚ್ಚಿದಷ್ಟೂ ಬಿಸಿ. ಮಿಕ್ಸಿಯಲ್ಲಿ ರುಬ್ಬಿದ ಉದ್ದಿನ ಹಿಟ್ಟನ್ನು ಒಮ್ಮೆ ಮುಟ್ಟಿ ನೋಡಿದರೆ ಇದು ತಿಳಿಯುವುದು. ಹಿಟ್ಟನ್ನು ಹುಳಿಯಿಸಿ ಉಬ್ಬಿಸುವುದು ಅಕ್ಕಿ ಉದ್ದುಗಳ ಮೇಲೆಯೇ ಇರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ಹೊರಬಿಡುವ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಿಡಿದಿಡುವುದು ಉದ್ದಿನ ಅಂಟು ಮತ್ತು ಅದರ ಸಸಾರಜನಕ. ಕಲ್ಲು ನಿಧಾನವಾಗಿ ಅರೆಯುವಾಗ ಹಿಟ್ಟಿನೊಳಕ್ಕೆ ಗಾಳಿ ಸೇರಿ ಅದು ಬೆಣ್ಣೆಯಂತೆ ಹಗುರವಾಗುವುದು. ಅಲಗು ಕತ್ತರಿಸಿದ ಹಿಟ್ಟು ನುಣ್ಣಗಾದರೂ ಅಷ್ಟು ಹಿಗ್ಗುವುದಿಲ್ಲ. ಒಂದು ಚಿಟಿಕೆ ಹಿಟ್ಟನ್ನು ಬಟ್ಟಲ ನೀರಿಗೆ ಹಾಕಿ ತೇಲುವುದೋ ಮುಳುಗುವುದೋ ಎಂದು ನೋಡುವ ನಮ್ಮ ಅಜ್ಜಿಯರ ಪರೀಕ್ಷೆ ಈ ವಿಜ್ಞಾನವನ್ನೇ ಹೇಳುವುದು.

ವಿದ್ಯುತ್ತಿನ ಲೆಕ್ಕದಲ್ಲಿಯೂ ಅನೇಕರ ಊಹೆ ತಪ್ಪು. ದೊಡ್ಡದಾಗಿ ಕಾಣುವ ಗ್ರೈಂಡರು ಹೆಚ್ಚು ತಿನ್ನುವುದೆಂದು ಹೇಳುವುದುಂಟು. ನೂರೈವತ್ತು ವ್ಯಾಟಿನ ಗ್ರೈಂಡರು ಅರ್ಧ ಗಂಟೆ ನಡೆದರೆ ಯೂನಿಟ್ಟಿನ ನೂರರಲ್ಲಿ ಏಳೂವರೆ ಪಾಲು. 750 ವ್ಯಾಟಿನ ಮಿಕ್ಸಿ ಹತ್ತು ನಿಮಿಷ ಪೂರ್ಣ ಬಲದಿಂದ ನಡೆದರೆ ಹನ್ನೆರಡೂವರೆ ಪಾಲು. ಎರಡೂ ಅಲ್ಪವೇ. ಖರ್ಚಿರುವುದು ಕೊಳ್ಳುವಾಗಿನ ಬೆಲೆಯಲ್ಲಿ, ಇಡುವ ಸ್ಥಳದಲ್ಲಿ, ತೊಳೆಯುವ ಕೈಯಲ್ಲಿ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಇಬ್ಬರು ಮೂವರ ಸಂಸಾರಕ್ಕೆ ಒಂದು ಒಳ್ಳೆಯ ಮಿಕ್ಸಿ ಸಾಕು. ಸಾರಿನ ಪುಡಿ, ಹುಳಿಯ ಮಸಾಲೆ, ಕಾಯಿಚಟ್ನಿಗಳನ್ನು ಗ್ರೈಂಡರಿಗೆ ಹಾಕುವುದು ಸೊಳ್ಳೆಗೆ ಗದೆಯನ್ನೆತ್ತಿದಂತೆ. ಮಿಕ್ಸಿಯಲ್ಲಿ ಉದ್ದನ್ನು ರುಬ್ಬುವವರು ಸ್ವಲ್ಪ ಸ್ವಲ್ಪವಾಗಿ ಹಾಕಿ, ತಣ್ಣನೆಯ ನೀರನ್ನೇ ಬಳಸಿ, ನಡುನಡುವೆ ನಿಲ್ಲಿಸಿ ರುಬ್ಬಿದರೆ ಇಡ್ಲಿ ಕೆಡದು. ವಾರಕ್ಕೆರಡು ಸಲ ಇಡ್ಲಿ ದೋಸೆಗಳಾಗುವ ತುಂಬಿದ ಮನೆಗೆ ಗ್ರೈಂಡರು ಬೇಕೇ ಬೇಕು. ಹೋಳಿಗೆಯ ಹೂರಣಕ್ಕಂತೂ ಅದೇ ಸರಿ. ನೀರಿಲ್ಲದ ಹೂರಣವನ್ನು ಮಿಕ್ಸಿಯಲ್ಲಿ ತುರುಕಿದರೆ ಅಲಗು ಸಿಕ್ಕಿ ಯಂತ್ರ ನಿಂತುಬಿಡುವುದು. ಆಗ ಯುಗಾದಿಯ ದಿನ ರಿಪೇರಿಯವನನ್ನು ಹುಡುಕಿಕೊಂಡು ಓಡಬೇಕಾಗಿಲ್ಲ. ಅನೇಕ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಗುಂಡಿಯಿರುವುದು, ಸ್ವಲ್ಪ ಹೊತ್ತು ಆರಗೊಟ್ಟು ಅದನ್ನು ಒತ್ತಿದರೆ ಯಂತ್ರ ಮತ್ತೆ ನಡೆಯುವುದು.

ಯಂತ್ರ ಎಷ್ಟು ಒಳ್ಳೆಯದಾದರೂ ದಿನಸಿ ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಹಿಟ್ಟು ಉಬ್ಬಲಿಲ್ಲವೆಂದು ಯಂತ್ರವನ್ನು ದೂರುವವರು ಮೊದಲು ಬೇಳೆಯನ್ನು ನೋಡಬೇಕು. ಹಳೆಯ ಉದ್ದಿನಲ್ಲಿ ಅಂಟು ಕುಗ್ಗಿರುವುದು. ಒಡೆದ ಬೇಳೆಗಿಂತ ಸಿಪ್ಪೆ ತೆಗೆದ ಇಡಿಯ ಗುಂಡುಬೇಳೆ ಹೆಚ್ಚು ಹಿಟ್ಟು ಕೊಡುವುದೆಂಬುದು ಗೃಹಿಣಿಯರ ಅನುಭವ. ಅಕ್ಕಿಯ ವಿಷಯದಲ್ಲಿ ಸೀಮೆಗೊಂದು ಪದ್ಧತಿ: ಹಳೆಯ ಮೈಸೂರಿನಲ್ಲಿ ಅಕ್ಕಿತರಿಯನ್ನು ಬೆರೆಸುವರು, ತಮಿಳುನಾಡಿನ ಕಡೆಯವರು ಕುಸುಬಲಕ್ಕಿಯನ್ನು ಬಿಡರು, ಮಂಗಳೂರಿನವರು ಊಟಕ್ಕೆ ಕುಚ್ಚಲಕ್ಕಿಯಾದರೂ ತಿಂಡಿಗೆ ಬೆಳ್ತಿಗೆಯನ್ನೇ ನೆನೆಯಿಸುವರು. ಚಳಿಗಾಲದಲ್ಲಿ ಬೆಂಗಳೂರಿನ ಹಿಟ್ಟು ಸೋಮಾರಿಯಾಗುವುದು. ಬೆಚ್ಚಗೆ ಒಲೆಯ ಬಳಿ ಇಟ್ಟು ಇನ್ನಷ್ಟು ಹೊತ್ತು ಕಾಯಬೇಕೇ ಹೊರತು ಸೋಡಾ ಸುರಿಯಬಾರದು. ಅಳತೆಯ ಮಾತು ಬಂದುದರಿಂದ ಒಂದು ವಿಷಯ. 1956ರ ಶಾಸನದ ತರುವಾಯ ಸೇರು ಪಾವುಗಳು ಅಂಗಡಿಯಿಂದ ಕ್ರಮಕ್ರಮವಾಗಿ ಮರೆಯಾದವು. ಆದರೂ ‘ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು’ ಎಂಬ ಮಾತು ಮನೆಗಳಲ್ಲಿ ಇನ್ನೂ ಉಳಿದಿದೆ. ಇದರಿಂದ ಕೆಡುಕೇನೂ ಇಲ್ಲ; ಪಾವು ಯಾವುದಾದರೇನು, ಎರಡಕ್ಕೂ ಒಂದೇ ಪಾತ್ರೆಯನ್ನು ಬಳಸಿದರಾಯಿತು.

ಕುಕ್ಕರಿನ ವಿಷಯವನ್ನು ಚುಟುಕಾಗಿ ಹೇಳುವೆವು. ಇದರ ಮೂಲಪುರುಷ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಪಂಡಿತ. 1679ರಲ್ಲಿ ಅವನು ಹಬೆಯನ್ನು ಬಂಧಿಸಿ ಬೇಯಿಸುವ ಪಾತ್ರೆಯನ್ನು ರಚಿಸಿದನು. 1682ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲಿಯೇ ಬೇಯಿಸಿದ ಭೋಜನವನ್ನಿತ್ತನು. ತೆರೆದ ಪಾತ್ರೆಯ ನೀರು ಕುದಿಯುವುದು ನೂರು ಡಿಗ್ರಿಯಲ್ಲಿ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೊಂಬತ್ತೇಳರ ಸುಮಾರಿಗೇ ಕುದಿಯುವುದು. ಮುಚ್ಚಿದ ಕುಕ್ಕರಿನಲ್ಲಾದರೆ ಶಾಖ ನೂರಿಪ್ಪತ್ತರವರೆಗೆ ಏರುವುದು. ಬೇಳೆ ಬೇಗ ಬೇಯುವ ಗುಟ್ಟು ಇಷ್ಟೇ. ಬೋರೆವೆಲ್ಲಿನ ಗಡಸು ನೀರಿನಲ್ಲಿಯೂ ಹಳೆಯ ದಾಸ್ತಾನಿನ ತೊಗರಿಯಲ್ಲಿಯೂ ಬೇಳೆ ಮೊಂಡು ಹಿಡಿಯುವುದುಂಟು. ಕಲಬುರಗಿಯ ತೊಗರಿಗೆ ಹೆಸರಿರುವುದು ಸುಮ್ಮನೆಯಲ್ಲ. ಬೇಳೆ ಮೊಂಡುಹಿಡಿಯಿತೆಂದು ಸೋಡಾ ಹಾಕಿದರೆ ಬಿ ಜೀವಸತ್ತ್ವ ನಾಶವಾಗುವುದು. ಒಂದೆರಡು ಗಂಟೆ ಮೊದಲೇ ನೆನೆಯಿಸಿದರೆ ಆ ಕೆಲಸ ತಾನಾಗಿ ಆಗುವುದು. ಮೊದಲ ಕೂಗಿನ ಬಳಿಕ ಉರಿಯನ್ನು ತಗ್ಗಿಸಿ ನಿಮಿಷಗಳನ್ನು ಲೆಕ್ಕವಿಡಬೇಕು. ಕೂಗನ್ನೇ ಎಣಿಸುವವರು ಅನಿಲವನ್ನು ಹಾಳುಮಾಡುವರು. ದೊಡ್ಡ ಉರಿಯ ನಾಲ್ಕು ಕೂಗೂ ಸಣ್ಣ ಉರಿಯ ನಾಲ್ಕು ಕೂಗೂ ಒಂದೇ ಅಲ್ಲ. ಬೇಳೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಏಕೆಂದರೆ ನೊರೆ ಮೇಲೆದ್ದು ಹಬೆಯ ದಾರಿಯನ್ನು ಮುಚ್ಚುವುದು. ಒಂದು ತೊಟ್ಟು ಎಣ್ಣೆ ಹಾಕಿದರೆ ನೊರೆ ಅಡಗುವುದು. ಹಬೆಯ ಕೊಳವೆಯನ್ನು ಪ್ರತಿದಿನ ಬೆಳಕಿಗೆ ಹಿಡಿದು ನೋಡಬೇಕು. ರಬ್ಬರಿನ ಬಳೆ ಗಡುಸಾದರೆ ಮರುಮಾತಿಲ್ಲದೆ ಹೊಸದನ್ನು ಕೊಳ್ಳಬೇಕು. ಹತ್ತಿಪ್ಪತ್ತು ರೂಪಾಯಿಯ ಉಳಿತಾಯಕ್ಕಾಗಿ ಮುಖ ಸುಟ್ಟುಕೊಂಡವರ ಸುದ್ದಿ ಕೇಳುವುದು ತಪ್ಪಿಲ್ಲ.

ಇಷ್ಟೆಲ್ಲ ಯಂತ್ರಗಳು ಬಂದ ಮೇಲೆ ಗೃಹಿಣಿಗೆ ವಿರಾಮ ಹೆಚ್ಚಿರಬೇಕಷ್ಟೆ? ನಾವು ಕಂಡಂತೆ ಹಾಗಾಗಿಲ್ಲ. ಕಲ್ಲಿನ ಕಾಲದಲ್ಲಿ ದೋಸೆ ಅನೇಕ ಮನೆಗಳಲ್ಲಿ ಹಬ್ಬದ ತಿಂಡಿ; ಬಡವರಲ್ಲಿ ವರ್ಷಕ್ಕೆ ಒಂದೆರಡು ಸಲ. ಅಂದು ಮಕ್ಕಳು ಬೇಗನೆ ಏಳುವರು, ಹಿಟ್ಟನ್ನು ನೋಡಿಯೇ ಸಂತೋಷಪಡುವರು. ಇಂದು ‘ಯಂತ್ರ ತಾನೇ ರುಬ್ಬುವುದಲ್ಲ’ ಎಂಬ ಮಾತಿನ ಬಲದಿಂದ ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಬುಧವಾರ ಪಡ್ಡು. ಯಂತ್ರ ರುಬ್ಬುವುದು ನಿಜ; ನೆನೆಯಿಸುವವರು ಯಾರು, ಹಿಟ್ಟನ್ನು ಬಳಿದು ತೆಗೆಯುವವರು ಯಾರು, ಗ್ರೈಂಡರಿನ ಭಾರದ ಕಲ್ಲುಗಳನ್ನು ಎತ್ತಿ ತೊಳೆದು ಒಣಗಿಸುವವರು ಯಾರು? ಅರ್ಧ ಗಂಟೆಯ ರುಬ್ಬಿಗೆ ಕಾಲು ಗಂಟೆಯ ತೊಳೆತ. ‘ಅತ್ತೆ, ಇವತ್ತು ರುಬ್ಬುವುದು ಬೇಡ, ತೊಳೆಯುವುದಕ್ಕೆ ನನ್ನಿಂದಾಗದು’ ಎಂದು ಸೊಸೆ ಹೇಳಿದರೆ ಅದು ಸೋಮಾರಿತನವಲ್ಲ, ಲೆಕ್ಕ. ಬೀದಿಯ ಕೊನೆಯ ಅಂಗಡಿಯಲ್ಲಿ ಸಿದ್ಧವಾದ ಹಿಟ್ಟಿನ ಪೊಟ್ಟಣ ಮಾರಾಟವಾಗುತ್ತಿರುವುದಕ್ಕೆ ಕಾರಣ ಇದೇ. ಅದನ್ನು ಕೊಳ್ಳುವವರನ್ನು ಹೀಗಳೆಯುವುದು ನಮಗೆ ಒಪ್ಪಿಗೆಯಿಲ್ಲ. ತಯಾರಾದ ತಾರೀಖನ್ನು ನೋಡಿ, ತಣ್ಣಗಿಟ್ಟ ಅಂಗಡಿಯಿಂದ ತಂದರೆ ಸಾಕು.

ಗೃಹಸ್ಥರಿಗೆ ಇಲ್ಲಿ ಒಂದು ಬಿನ್ನಹ. ಯಂತ್ರವನ್ನು ಕೊಳ್ಳುವುದಕ್ಕೆ ಅಂಗಡಿಗೆ ಹೋದಾಗ ವ್ಯಾಟು, ಗ್ಯಾರಂಟಿ, ರಿಯಾಯಿತಿಗಳನ್ನು ವಿಚಾರಿಸುವವರು ಸಾಮಾನ್ಯವಾಗಿ ತಾವು; ಅದನ್ನು ದಿನವೂ ಎತ್ತಿಳಿಸುವವರು ಹಿಂದೆ ಸುಮ್ಮನೆ ನಿಂತಿರುವರು. ಜಾಡಿಯ ಹಿಡಿ ಅವರ ಕೈಗೆ ಹೊಂದುವುದೇ, ಕಲ್ಲನ್ನು ಅವರು ಒಬ್ಬರೇ ಎತ್ತಬಲ್ಲರೇ, ಮುಚ್ಚಳದ ಸಂದಿನಲ್ಲಿ ಬೆರಳು ಹೋಗುವಷ್ಟು ಸ್ಥಳವುಂಟೇ ಎಂಬುದನ್ನು ಅವರೇ ನೋಡಲಿ. ಮನೆಗೆ ತಂದ ಮೇಲೆ ಭಾನುವಾರದ ಗ್ರೈಂಡರನ್ನು ಗಂಡುಮಕ್ಕಳು ತೊಳೆಯುವುದೆಂದು ಗೊತ್ತುಮಾಡಿಕೊಂಡ ಎರಡು ಮೂರು ಮನೆಗಳನ್ನು ನಾವು ಬಲ್ಲೆವು. ಆ ಮನೆಗಳಲ್ಲಿ ಇಡ್ಲಿಯ ಬೇಡಿಕೆ ತಕ್ಕಮಟ್ಟಿಗೆ ಇಳಿದಿದೆಯೆಂದು ವರ್ತಮಾನ.

ಹಳೆಯ ಒರಳುಗಳೆಲ್ಲ ಏನಾದುವು? ಕೆಲವು ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಗುಬ್ಬಿಗಳಿಗೆ ಅರವಟಿಗೆಯಾಗಿವೆ. ಕೆಲವು ಮನೆ ಕೆಡವಿದಾಗ ಕಲ್ಲುಮಣ್ಣಿನೊಡನೆ ಹೋದವು. ಗುಂಡುಕಲ್ಲಿಗೆ ಮಾತ್ರ ಒಂದು ಗೌರವದ ಕೆಲಸ ಇನ್ನೂ ಉಳಿದಿದೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಮಗು ಗುಂಡುಕಲ್ಲಿನಂತೆ ಗಟ್ಟಿಯಾಗಲೆಂದು ಮೊದಲು ಅದನ್ನೇ ತೊಳೆದು, ಅರಿಶಿನ ಕುಂಕುಮವಿಟ್ಟು, ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ತೂಗುವ ವಾಡಿಕೆ ಅನೇಕ ಮನೆಗಳಲ್ಲುಂಟು. ಗ್ರೈಂಡರಿನ ಉರುಳುಗಲ್ಲಿಗೆ ಈ ಮರ್ಯಾದೆಯನ್ನು ಯಾರೂ ಕೊಟ್ಟಂತಿಲ್ಲ. ಆದುದರಿಂದ ನಾಮಕರಣದ ಹಿಂದಿನ ಸಂಜೆ ‘ನಿಮ್ಮಲ್ಲಿ ಗುಂಡುಕಲ್ಲು ಇದೆಯೇನಮ್ಮ?’ ಎಂದು ಕೇಳಿಕೊಂಡು ಬರುವವರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ.