ಹತ್ತೋ, ಹನ್ನೊಂದೋ?

ಈ ಸಲದ ಆಯುಧಪೂಜೆಗೆ ನಮ್ಮಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿಗೆ ಕುಂಕುಮ ಇಟ್ಟು, ಮಾನಿಟರಿಗೆ ಚೆಂಡುಹೂವಿನ ಹಾರ ಹಾಕಿ, ಇನ್ನೇನು ಮಂಗಳಾರತಿ ಎತ್ತಬೇಕು, ಅಷ್ಟರಲ್ಲಿ ಪರದೆಯ ಮೇಲೊಂದು ಸಂದೇಶ ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ. ಅಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದರು, ‘ಏನಂತೆ ಅದಕ್ಕೆ?’

‘ವಯಸ್ಸಾಯ್ತಂತೆ ಅಪ್ಪ.’

‘ಅದನ್ನ ಪೂಜೆ ದಿನಾನೇ ಹೇಳ್ಬೇಕಿತ್ತಾ?’ ಅಂತ ಗೊಣಗಿದರು.

ತುಮಕೂರಿನಲ್ಲಿ ಬಿಸಿಎ ಓದುವ ಮಗಳು ದಸರಾ ರಜೆಗೆ ಮನೆಗೆ ಬಂದಿರುವಾಗ ಇಂಥ ಸಮಸ್ಯೆ ಬೇರೆ ಯಾರ ತಲೆಗೆ ಬೀಳುತ್ತೆ ಹೇಳಿ? ನನಗೇನೋ ಉತ್ತರ ಸುಲಭವಾಗಿತ್ತು. ವಿಂಡೋಸ್ 11 ಬಂದಿದ್ದು 2021ರಲ್ಲಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ಮೊದಲಿನಿಂದಲೂ ಅದೇ ಇದೆ. ಇಲ್ಲೂ ಹಾಕಿದರಾಯಿತು. ಅಪ್ಪನದು ಒಂದೇ ಮಾತು: ‘ಓಡ್ತಾ ಇರೋ ಗಾಡೀನ ಯಾಕೆ ಬಿಚ್ತೀಯ?’

ಅಪ್ಪನ ಹೆದರಿಕೆಗೆ ಕಾರಣವಿತ್ತು. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲ ಮುಗಿದಾಗ ಹೊಸದು ಹಾಕಿಸೋಣ ಅಂತ ಒಬ್ಬರನ್ನು ಕರೆಸಿದ್ದರು. ಆ ಪುಣ್ಯಾತ್ಮ ಸಿ ಡ್ರೈವ್ ಜೊತೆ ಡಿ ಡ್ರೈವನ್ನೂ ಫಾರ್ಮ್ಯಾಟ್ ಮಾಡಿ, ಚಹಾ ಕುಡಿದು ಹೋದರು. ಆರು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಕಾರ್ಡುಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಮಾಯ. ಹಳೇ ಪತ್ರಿಕೆ ಯಾರಿಗೆ ಬೇಕು ಅನ್ನಬೇಡಿ. ‘ದೊಡ್ಡ ಮಗಂದೇ ತೆಗೆದು ಚಿಕ್ಕವನ ಹೆಸರು ಹಾಕ್ಕೊಡಿ’ ಅಂತಲೇ ನಮ್ಮೂರಲ್ಲಿ ಬರುವುದು. ಯಾವ ದೊಡ್ಡಪ್ಪನ ಹೆಸರು ಮೊದಲು, ಯಾವ ಸೋದರಮಾವನ ಹೆಸರು ಆಮೇಲೆ ಅನ್ನುವ ಜಗಳವೆಲ್ಲ ಆ ಕಡತದಲ್ಲಿ ಬಗೆಹರಿದು ಕೂತಿರುತ್ತದೆ. ಅದು ಹೋದರೆ ಜಗಳ ಮತ್ತೆ ಮೊದಲಿನಿಂದ, ಅದೂ ಅಪ್ಪನ ಅಂಗಡಿಯಲ್ಲೇ!

ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು ಈಗಿನ ಕಂಪ್ಯೂಟರ್. ಇಂಟೆಲ್‌ನ ಏಳನೇ ತಲೆಮಾರಿನ ಐ3. ಮೈಕ್ರೋಸಾಫ್ಟ್‌ನದೇ ಹೆಲ್ತ್ ಚೆಕ್ ಆ್ಯಪ್ ಹಾಕಿ ನೋಡಿದೆ. ಎರಡು ಕಡೆ ಫೇಲು. ಮೊದಲನೆಯದು ಟಿಪಿಎಂ 2.0, ಅಂದರೆ ಗುಪ್ತ ಕೀಲಿಗಳನ್ನು ಜೋಪಾನ ಮಾಡುವ ಭದ್ರತಾ ವ್ಯವಸ್ಥೆ. ಅದು ಕಂಪ್ಯೂಟರಿನೊಳಗೇ ಇತ್ತು, ಆಫ್ ಆಗಿತ್ತು ಅಷ್ಟೆ. ಬಯೋಸ್‌ಗೆ ಹೋಗಿ ಆನ್ ಮಾಡಿದೆ, ಹಸಿರು ಟಿಕ್ ಬಂತು. ಗೆದ್ದೆ ಅಂದುಕೊಂಡೆ. ಆದರೆ ಎರಡನೆಯದು ಪ್ರೊಸೆಸರ್. ಕೆಲವನ್ನು ಬಿಟ್ಟರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ ಪ್ರವೇಶ. ಒಂದೇ ಒಂದು ತಲೆಮಾರಿನಲ್ಲಿ ನಮ್ಮದು ಹೊರಗೆ ಉಳಿಯಿತು. ಇಪ್ಪತ್ತು ಪುಟದ ಪತ್ರಿಕೆಯನ್ನು ತಕರಾರಿಲ್ಲದೆ ಪ್ರಿಂಟ್ ಮಾಡುವ ಯಂತ್ರ ಯಾವ ಲೆಕ್ಕದಲ್ಲಿ ಮುದಿಯಾಯಿತೋ!

ಕ್ಲಾಸ್‌ಮೇಟ್ ಒಬ್ಬನಿಗೆ ಫೋನ್ ಮಾಡಿದೆ. ‘ರಿಜಿಸ್ಟ್ರಿಯಲ್ಲಿ ಸ್ವಲ್ಪ ಬದಲಾಯಿಸಿದ್ರೆ ಇನ್‌ಸ್ಟಾಲ್ ಆಗುತ್ತೆ ಕಣೇ’ ಅಂದ. ಆಗುತ್ತೆ, ನಿಜ. ಆದರೆ ಹಾಗೆ ಹಾಕಿದವರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ನಾವು ಬದಲಾಯಿಸುತ್ತಿರುವುದೇ ಅಪ್‌ಡೇಟಿಗಾಗಿ. ಆ ಯೋಚನೆ ಬಿಟ್ಟೆ.

ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿಯೂ ನೋಡಿದೆ. ಚುರುಕಾಗಿತ್ತು, ಕಾಸೂ ಇಲ್ಲ. ಆದರೆ ಅಪ್ಪ ಟೈಪ್ ಮಾಡುವುದು ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್ ಅದು. ಅದಿಲ್ಲದ ಕಡೆ ಕಡತ ತೆರೆದರೆ ‘ಶ್ರೀ ಗಣೇಶಾಯ ನಮಃ’ ಕೂಡ ಚಿತ್ರಾನ್ನ. ಫಾಂಟ್ ಹಾಕಿದ ಮೇಲೆ ಅಕ್ಷರವೇನೋ ಕಂಡಿತು. ಆದರೆ ಅಪ್ಪನ ಬೆರಳಿಗೆ ಒಗ್ಗಿದ ತಂತ್ರಾಂಶ ವಿಂಡೋಸ್‌ಗೆಂದೇ ಮಾಡಿದ್ದು. ಐವತ್ತೆರಡನೇ ವಯಸ್ಸಿನಲ್ಲಿ, ಮದುವೆ ಸೀಸನ್ ಮುಂದಿಟ್ಟುಕೊಂಡು ಹೊಸದು ಕಲಿಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಹೊಸ ಕಂಪ್ಯೂಟರ್ ಅಂದರೆ ಮೂವತ್ತೈದು ಸಾವಿರದ ಮಾತು. ನನ್ನ ಫೀಸು ಕಟ್ಟುವುದೂ ಇತ್ತು. ಅದನ್ನು ನಾವಿಬ್ಬರೂ ಎತ್ತಲಿಲ್ಲ.

ಹಾಗಾದರೆ ಇದ್ದಂತೆಯೇ ಇರಲಿ ಅಂತ ನಾನೂ ಸೋತುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಜಾಗ ಖಾಲಿ ಮಾಡೋಣವೆಂದು ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಎದೆ ಧಸಕ್ಕೆಂದಿತು. ಆಧಾರ್ ಕಾರ್ಡು, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಅಂಕಪಟ್ಟಿ, ಯಾರದೋ ಸ್ಕ್ಯಾನಿಂಗ್ ರಿಪೋರ್ಟು. ವರ್ಷಗಟ್ಟಲೆ ಊರವರು ಪ್ರಿಂಟಿಗೆಂದು ಕಳಿಸಿದ್ದೆಲ್ಲ ಅಲ್ಲೇ ಬಿದ್ದಿತ್ತು. ನನ್ನ ಪಿಯುಸಿ ಲೆಕ್ಚರರ್ ಸಹಿ ಕೂಡ!

ಬೆಂಬಲ ಮುಗಿದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ತೂತು ಕಂಡರೆ ಮುಚ್ಚುವವರು ಇರುವುದಿಲ್ಲ, ಅಷ್ಟೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ಒದ್ದಾಡಿದವು. ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದವರ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ನಮ್ಮ ಅಂಗಡಿಗೋ ದಿನಕ್ಕೆ ಎಷ್ಟೋ ಪೆನ್‌ಡ್ರೈವ್ ಬರುತ್ತವೆ. ಯಾವುದರಲ್ಲಿ ಏನಿದೆಯೋ.

‘ಗಾಡಿ ಓಡ್ತಿದೆ ಸರಿ ಅಪ್ಪ. ಊರವರನ್ನೆಲ್ಲ ಕೂರಿಸ್ಕೊಂಡಿದ್ದೀರಲ್ಲ, ಬ್ರೇಕ್ ಬೇಡ್ವಾ?’ ಅಂದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಸ್ಕ್ಯಾನಿಂಗ್ ರಿಪೋರ್ಟು ಮೊದಲು ತೆಗಿ’ ಅಂದರು.

ಅವತ್ತು ಸಂಜೆ ಇಬ್ಬರೂ ಸೇರಿ ಆ ಫೋಲ್ಡರನ್ನು ಖಾಲಿ ಮಾಡಿದೆವು. ಈಗ ಅಂಗಡಿ ಬಾಗಿಲು ಹಾಕುವ ಮುನ್ನ ದಿನವೂ ಅದೇ ಕೆಲಸ. ಡಿ ಡ್ರೈವ್ ಪೂರ್ತಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹೋಯಿತು. ಪ್ರತಿ ಶನಿವಾರ ಹೊಸ ಕಡತ ಸೇರಿಸಿ ಅಪ್ಪ ಅದನ್ನು ಬೀರುವಿನಲ್ಲಿ ಅಮ್ಮನ ಒಡವೆ ಪಕ್ಕ ಇಡುತ್ತಾರೆ. ಹತ್ತರಲ್ಲೇ ಉಳಿಯುವವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ಯೋಜನೆ ಇದೆ: ಮೂವತ್ತು ಡಾಲರ್ ಕೊಡಬೇಕು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿದರೆ ಪುಕ್ಕಟೆ. ನಾವು ಯಾವುದನ್ನು ಆರಿಸಿಕೊಂಡೆವೆಂದು ಹೇಳಬೇಕಿಲ್ಲ. ವರ್ಷದೊಳಗೆ ದುಡ್ಡು ಹೊಂದಿಸಿ ಹನ್ನೊಂದು ಇರುವ ಹೊಸದೊಂದನ್ನು ಆನ್‌ಲೈನ್ ಕೆಲಸಕ್ಕೆ ತರುವುದು, ಹಳೆಯದರ ನೆಟ್ ಕೇಬಲ್ ಕಿತ್ತು ಲಗ್ನಪತ್ರಿಕೆಗೆ ಮಾತ್ರ ಇಟ್ಟುಕೊಳ್ಳುವುದು ಅಂತ ತೀರ್ಮಾನ.

‘ಯಾವತ್ತಿನ ತನಕ ಟೈಮಿದೆ?’ ಅಂತ ಅಪ್ಪ ಮೊನ್ನೆ ಫೋನಿನಲ್ಲಿ ಕೇಳಿದರು. 2026ರ ಅಕ್ಟೋಬರ್ 13, ಮಂಗಳವಾರ ಅಂದೆ. ಪಂಚಾಂಗದ ಹಾಳೆ ಮಗುಚುವ ಸದ್ದು ಕೇಳಿಸಿತು.

‘ನವರಾತ್ರಿ ಅಲ್ವೇನೇ ಅದು! ಹಾಗಿದ್ರೆ ಆಯುಧಪೂಜೆಗೆ ಹೊಸದೂ ಇರುತ್ತೆ. ಎರಡಕ್ಕೂ ಸೇರಿ ಒಂದೇ ಹಾರ ಸಾಕು, ಹೂವಿನ ರೇಟು ನೋಡಿದೀಯಾ?’