ಒತ್ತೆಯಿಂದ ಬಿಡಿಸಿಕೊಂಡ ದತ್ತಿ ಭೂಮಿ

ಹಳ್ಳಿಯಾಗಿದ್ದ ನಾಯಂಡಹಳ್ಳಿ ಈಗ ಮೆಟ್ರೊ ನಿಲ್ದಾಣವಿರುವ ಬಡಾವಣೆ. ಉಳಿದಿರುವ ಕೃಷಿಭೂಮಿಯನ್ನಾದರೂ ಪರಭಾರೆಯಾಗದಂತೆ ಕಾಯುವುದು ಭೂ ಟ್ರಸ್ಟ್‌ಗಳ ಉದ್ದೇಶ. ನಮ್ಮ ಸಮಾಜಕ್ಕೆ ಇದು ಹೊಸತಲ್ಲ.

ಶ್ರವಣಬೆಳಗೊಳದ ಶ್ರೀ ಗೊಮ್ಮಟೇಶ್ವರ ಸ್ವಾಮಿಯ ಪೂಜೆಗೆ ದಾನಿಗಳು ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ವರ್ತಕರಿಗೆ ಅಡವಿಟ್ಟಿದ್ದರು. ಅದರ ಉತ್ಪನ್ನವನ್ನು ಬಹುಕಾಲ ಅನುಭವಿಸಿದವರು ಅಡವು ಹಿಡಿದವರೇ. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ಹಣ ಪಡೆಯಲಿಲ್ಲ. ತಂದೆತಾಯಿಗಳಿಗೆ ಪುಣ್ಯವಾಗಲೆಂದು ಧಾರೆಯೆರೆದು ಅಡವಿನ ಪತ್ರಗಳನ್ನು ಬಿಟ್ಟುಕೊಟ್ಟರು. ಮುಂದೆ ಈ ಭೂಮಿಯನ್ನು ಯಾರೂ ಅಡವಿಡಬಾರದು, ಯಾರೂ ಅಡವು ಹಿಡಿಯಲೂಬಾರದು ಎಂದು ಶಾಸನವಾಯಿತು. ಹಿಡಿಯುವವರನ್ನೂ ಕಟ್ಟಿಹಾಕಿದ್ದೇ ಇದರ ಜಾಣ್ಮೆ.

ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ರಾಜ್ಯವು 2020ರಲ್ಲಿ ತೆಗೆದಿದೆ. ಆದ್ದರಿಂದ ಬಸದಿಗೆ ಭೂಮಿ ಬಿಡುವ ಕುಟುಂಬಗಳು ದಾನಪತ್ರದ ಷರತ್ತುಗಳನ್ನು ವಕೀಲರಿಂದ ಸರಿಯಾಗಿ ಬರೆಸುವುದು ಒಳ್ಳೆಯದು.